1,800 ರೂಪಾಯಿಯ ಮೆಷೀನು, ಅಪ್ಪನ ಹಾಜರಿ ಪುಸ್ತಕ

ಫ್ರಿಜ್ ಮೇಲೆ ಒಂದು ವರ್ಷ ಧೂಳು ಹಿಡಿಯುತ್ತಾ ಕೂತಿದ್ದ ಕಾಫಿ ಮೆಷೀನನ್ನು ನಾನು ಕೆಳಗಿಳಿಸಿದ್ದು ಕೆಲಸ ಹೋದ ಮರುದಿನ ಬೆಳಿಗ್ಗೆ.

ಆಫೀಸಿನ ಸೀಕ್ರೆಟ್ ಸಾಂಟಾದಲ್ಲಿ ಬಂದ ಗಿಫ್ಟ್ ಅದು. ಬಂದ ದಿನವೇ ಆನ್‌ಲೈನ್‌ನಲ್ಲಿ ಬೆಲೆ ನೋಡಿದ್ದೆ. (ನೀವೂ ನೋಡ್ತೀರಿ, ಸುಮ್ನೆ ಇರಿ.) 1,800 ರೂಪಾಯಿ. ಒಂದೇ ಒಂದು ಸ್ವಿಚ್. ಹಿಂದೆ ನೀರು ತುಂಬುವ ಟ್ಯಾಂಕ್, ಮೇಲೆ ಪುಡಿ ಹಾಕುವ ಬುಟ್ಟಿ, ಕೆಳಗೆ ಬಿಸಿ ತಟ್ಟೆ, ಅದರ ಮೇಲೆ ಗಾಜಿನ ಜಗ್ಗು. ಆಫೀಸಿನಲ್ಲಿ ಪುಕ್ಕಟೆ ಕಾಫಿ ಇದ್ದಾಗ, ಸಂಜೆ ಕೆಫೆಯಲ್ಲಿ 280 ರೂಪಾಯಿ ಕೊಟ್ಟು ಕುಡಿಯುವಾಗ ಇದು ಯಾರಿಗೆ ಬೇಕಿತ್ತು?

ಕೆಲಸ ಹೋಗಿದ್ದು ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ. ‘ರೀಸ್ಟ್ರಕ್ಚರಿಂಗ್’ ಅಂದರು. ಎರಡು ತಿಂಗಳ ಸಂಬಳ ಕೊಡ್ತೀವಿ ಅಂದರು. ಮಧ್ಯಾಹ್ನ ಊಟ ಮುಗಿಸುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಏಳು ವರ್ಷದ ಕೆಲಸ. ರಾತ್ರಿ ಕೂತು ಖರ್ಚಿನ ಲೆಕ್ಕ ಹಾಕಿದೆ. ಬಾಡಿಗೆ ಮುಟ್ಟುವ ಹಾಗಿಲ್ಲ, ಅಮ್ಮನಿಗೆ ಕಳಿಸುವ 15,000 ಮುಟ್ಟುವ ಹಾಗಿಲ್ಲ. ಕಣ್ಣಿಗೆ ಬಿದ್ದದ್ದು ಕೆಫೆ. ತಿಂಗಳಿಗೆ ಇಪ್ಪತ್ತು ದಿನ ಅಂದರೂ 5,600 ರೂಪಾಯಿ. ಹೊಡೆದು ಹಾಕಿದೆ.

ಹಾಗಾಗಿ ಮರುದಿನ ಮೆಷೀನು ಕೆಳಗೆ ಬಂತು. ಮನೆಯಲ್ಲಿದ್ದ ಫಿಲ್ಟರ್ ಕಾಫಿ ಪುಡಿ ಎರಡು ಚಮಚ ಹಾಕಿ, ಟ್ಯಾಂಕ್ ತುಂಬ ನೀರು ಹಾಕಿ, ಸ್ವಿಚ್ ಒತ್ತಿದೆ. ಗೊರಗೊರ ಸದ್ದು. ಐದು ನಿಮಿಷಕ್ಕೆ ಬುಟ್ಟಿ ತುಂಬಿ ಹೊರಚೆಲ್ಲಿ, ಕಟ್ಟೆಯ ಮೇಲೆಲ್ಲ ಗಸಿ ಹರಿಯಿತು. ಜಗ್ಗಿಗೆ ಬಿದ್ದಷ್ಟನ್ನು ಕುಡಿದೆ. ಕಷಾಯವೂ ಅಲ್ಲ, ಕಾಫಿಯೂ ಅಲ್ಲ. ಕಹಿ ಇದೆ, ಆದರೆ ತೆಳ್ಳಗಿದೆ. ಮೆಷೀನಿಗೆ ಬೈದೆ. ಆ ದಿನ ಯಾರನ್ನಾದರೂ ಬೈಯಲೇಬೇಕಿತ್ತು.

ಮನೆಗೆ ಹೇಳಲಿಲ್ಲ. ಇನ್ನೊಂದು ಕೆಲಸ ಸಿಕ್ಕ ಮೇಲೆ ಹೇಳಿದರಾಯಿತು ಅಂದುಕೊಂಡೆ. ಆದರೆ ಮೂರು ವಾರ ಬಿಟ್ಟು ಅಪ್ಪ ಬರುವವರಿದ್ದರು. ಕಣ್ಣಿನ ಪೊರೆ ಆಪರೇಷನ್‌ಗೆ ತಾರೀಕು ಎರಡು ತಿಂಗಳ ಹಿಂದೆಯೇ ಗೊತ್ತಾಗಿತ್ತು. ‘ಕಂಪನಿ ಇನ್ಶೂರೆನ್ಸ್‌ನಲ್ಲಿ ಆಗುತ್ತೆ ಬನ್ನಿ’ ಅಂತ ನಾನೇ ಒತ್ತಾಯ ಮಾಡಿದ್ದೆ. ಕೆಲಸದ ಜೊತೆಗೆ ಆ ಇನ್ಶೂರೆನ್ಸೂ ಹೋಗಿತ್ತು. ಕೈಯಿಂದ 38,000 ಕಟ್ಟಿದೆ. ಅಪ್ಪನಿಗೆ ‘ವರ್ಕ್ ಫ್ರಮ್ ಹೋಮ್ ತಗೊಂಡಿದ್ದೀನಿ’ ಅಂದೆ.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ಕೆಲಸದವರ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ, ಕಣದಲ್ಲಿ ಒಣಗಿದ ಬೀಜದ ಮೂಟೆ ಲೆಕ್ಕ, ಎಲ್ಲ ಅವರ ಪುಸ್ತಕದಲ್ಲೇ. ಆದರೆ ನಮ್ಮ ಮನೆಯಲ್ಲಿ ಕುಡಿಯುತ್ತಿದ್ದದ್ದು ಬಟ್ಟೆಯಲ್ಲಿ ಸೋಸಿದ ಬೆಲ್ಲದ ಕಾಫಿ. ‘ಒಳ್ಳೇ ಬೀಜ ಲಾರಿ ಹತ್ತಿ ಕ್ಯೂರಿಂಗ್‌ಗೆ ಹೋಗ್ತಿತ್ತು, ಅಲ್ಲಿಂದ ಹಡಗು ಹತ್ತೋದು. ನಮಗೆ ಸಿಗ್ತಿದ್ದದ್ದು ಗಿಡದ ಬುಡದಲ್ಲಿ ಉದುರಿದ್ದು’ ಅಂತ ಅಪ್ಪ ನಗುತ್ತಾ ಹೇಳುತ್ತಾರೆ.

ಆಪರೇಷನ್ ಆದ ಮರುದಿನ ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಟಿವಿ ಬೇಡ, ಪೇಪರ್ ಬೇಡ, ಬಗ್ಗಬೇಡಿ, ತಲೆಗೆ ನೀರು ಬೇಡ ಅಂದಿದ್ದರು ಡಾಕ್ಟರ್. ಮಾಡಲು ಬೇರೆ ಕೆಲಸವೇ ಇಲ್ಲ. ನಾನು ಮೆಷೀನಿನ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

‘ಇದೇನೇ ಪುಟ್ಟಿ, ಮಳೆಗಾಲದ ಹಳ್ಳದ ನೀರು ಇದ್ದಂಗಿದೆ?’

‘ಮೆಷೀನು ಚೀಪ್ ಅಪ್ಪ, ಅಷ್ಟೇ ಬರೋದು.’

‘ಮೆಷೀನಿಗೆ ಬಾಯಿಲ್ಲ ಅಂತ ಎಲ್ಲಾ ಅದರ ತಲೆ ಮೇಲೆ ಹಾಕ್ಬೇಡ. ಏನು ಹಾಕಿದೆ, ಎಷ್ಟು ಹಾಕಿದೆ, ಮೊದಲು ಬರಿ.’

ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಅಪ್ಪ ಹೇಳಿದಂತೆ ನಾಲ್ಕು ಕಾಲಂ ಎಳೆದೆ. ತಾರೀಕು, ಪುಡಿ, ನೀರು, ಷರಾ. ಒಂದು ದಿನಕ್ಕೆ ಒಂದೇ ಬದಲಾವಣೆ ಅಂತ ನಾನು ಸೇರಿಸಿದೆ. ಬಗ್ ಹುಡುಕುವಾಗ ಎರಡು ಸಾಲು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲವಲ್ಲ.

ಮೊದಲ ದಿನ ಪುಡಿ. ಅಪ್ಪ ಡಬ್ಬ ಮೂಸಿದರು. ‘ಯಾವಾಗ ತಂದಿದ್ದು?’ ನೆನಪಿಲ್ಲ. ‘ಪಾರ್ಚ್‌ಮೆಂಟ್ ಆಗಿದ್ದರೆ ಬೀಜ ತಿಂಗಳುಗಟ್ಟಲೆ ಇರುತ್ತೆ. ಹುರಿದರೆ ವಾರದ ಲೆಕ್ಕ. ಬೀಸಿದರೆ ದಿನದ ಲೆಕ್ಕ.’ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನಮ್ಮ ಹಿತ್ತಾಳೆ ಫಿಲ್ಟರ್‌ಗೆ ಅಂತ ಬೀಸುವ ಪುಡಿ ತುಂಬಾ ನುಣುಪು, ಜೊತೆಗೆ ಚಿಕೋರಿ. ಒದ್ದೆಯಾದ ಚಿಕೋರಿ ನೀರು ಹೀರಿಕೊಂಡು ಅಂಟಂಟಾಗುತ್ತದೆ. ಸ್ಟೀಲ್ ಫಿಲ್ಟರ್‌ನಲ್ಲಿ ಅದು ಅನುಕೂಲವೇ, ಡಿಕಾಕ್ಷನ್ ನಿಧಾನವಾಗಿ ಗಟ್ಟಿಯಾಗಿ ಇಳಿಯುತ್ತದೆ. ಆದರೆ ಈ ಮೆಷೀನಿನ ಪೇಪರ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೇಲಿಂದ ನೀರು ಬೀಳುತ್ತಲೇ ಇರುತ್ತದೆ, ಬುಟ್ಟಿ ಉಕ್ಕುತ್ತದೆ.

ಕಾಫಿ ಪುಡಿ ಅಂಗಡಿಗೆ ಹೋಗಿ ಚಿಕೋರಿ ಇಲ್ಲದ ಅರೇಬಿಕಾ ಪ್ಲಾಂಟೇಷನ್ ಎ ಕಾಲು ಕೆಜಿ ಕೇಳಿದೆ. ‘ಎಷ್ಟು ದಪ್ಪ ಬೇಕು ಮೇಡಂ?’ ಅಂದರು. ಅಪ್ಪ ಫೋನಿನಲ್ಲಿ ಹೇಳಿಕೊಟ್ಟರು: ‘ಚಿರೋಟಿ ರವೆ ಥರ ಬೇಡ, ಉಪ್ಪಿಟ್ಟು ರವೆ ಥರ ಬೀಸಿ ಅನ್ನು.’ ಅಂಗಡಿಯವರಿಗೆ ತಕ್ಷಣ ಅರ್ಥವಾಯಿತು. ಆ ದಿನದ ಷರಾ: ಉಕ್ಕಲಿಲ್ಲ. ರುಚಿ ಸುಮಾರು.

ಎರಡನೇ ದಿನ ಅಳತೆ. ಜಗ್ಗಿನ ಮೇಲಿನ ‘ಕಪ್’ ಗೆರೆಗಳನ್ನು ನಂಬಬೇಡಿ. ಆ ಕಪ್ ಸಾಮಾನ್ಯವಾಗಿ 120ರಿಂದ 150 ಮಿಲಿ, ನಮ್ಮ ಮಗ್ಗಿನ ಅರ್ಧ. ಲೀಟರ್ ನೀರಿಗೆ ಸುಮಾರು 60 ಗ್ರಾಂ ಪುಡಿ ಎಂಬುದು ಡ್ರಿಪ್ ಕಾಫಿಯ ರೂಢಿಯ ಲೆಕ್ಕ. ಅರ್ಧ ಲೀಟರಿಗೆ 30 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ನಾನು ಹಾಕುತ್ತಿದ್ದ ಎರಡು ಚಮಚ ತೂಗಿದರೆ 12 ಗ್ರಾಂ! ಪುಡಿ ಕಡಿಮೆ, ನೀರು ಜಾಸ್ತಿ. ಬರಬಾರದ ಕಹಿಯೆಲ್ಲ ಬಂದು, ಬರಬೇಕಾದ ಗಟ್ಟಿತನ ಬಂದಿರಲಿಲ್ಲ. ಅಪ್ಪ ಗೆದ್ದವರ ಹಾಗೆ ನಕ್ಕರು. ‘ತೂಕದಲ್ಲಿ ಮೋಸ ಹೋದ್ರೆ ಉಳಿದಿದ್ದೆಲ್ಲ ಮೋಸವೇ.’

ಮೂರನೇ ದಿನ ಮೆಷೀನಿನ ಒಳಗೆ ಏನಾಗುತ್ತದೆ ಅಂತ ಓದಿದೆ. ಇದರಲ್ಲಿ ಪಂಪೇ ಇಲ್ಲ! ಟ್ಯಾಂಕಿನ ನೀರು ಕೆಳಗಿನ ಒಂದು ಕೊಳವೆಗೆ ಇಳಿಯುತ್ತದೆ. ಅಲ್ಲಿ ಹೀಟರ್ ಅದನ್ನು ಕುದಿಸಿದಾಗ ಏಳುವ ಗುಳ್ಳೆಗಳೇ ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ. ನೀರು ವಾಪಸ್ ಹೋಗದಂತೆ ಒಂದು ಪುಟ್ಟ ವಾಲ್ವ್. ಅದೇ ಹೀಟರ್ ಜಗ್ಗಿನ ಕೆಳಗಿನ ತಟ್ಟೆಯನ್ನೂ ಕಾಯಿಸುತ್ತದೆ. ಇಂಥ ವಿದ್ಯುತ್ ಡ್ರಿಪ್ ಮೆಷೀನು ಜರ್ಮನಿಯಲ್ಲಿ 1954ರಲ್ಲೇ ಬಂದಿತ್ತು. ಅದಕ್ಕೂ ಮುಂಚೆ, 1908ರಲ್ಲಿ, ಅದೇ ದೇಶದ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ಶಾಲೆಯ ಬ್ಲಾಟಿಂಗ್ ಪೇಪರಿನಲ್ಲಿ ಕಾಫಿ ಸೋಸಿ ಪೇಪರ್ ಫಿಲ್ಟರ್ ಕಂಡುಹಿಡಿದಿದ್ದರು. ಅಪ್ಪನಿಗೆ ಓದಿ ಹೇಳಿದೆ. ‘ನಿಮ್ಮಜ್ಜಿ ಪಂಚೆ ತುಂಡಲ್ಲಿ ಸೋಸ್ತಿದ್ದಳು, ಅವಳದ್ದು ಎಲ್ಲೂ ಬರೀಲಿಲ್ಲ’ ಅಂದರು.

ಕಾಫಿಯ ರುಚಿ ಸರಿಯಾಗಿ ಇಳಿಯಲು ನೀರು 90 ಡಿಗ್ರಿಗಿಂತ ಸ್ವಲ್ಪ ಮೇಲಿರಬೇಕು. ಅಗ್ಗದ ಮೆಷೀನಿನಲ್ಲಿ ಮೊದಮೊದಲು ಬೀಳುವ ನೀರು ಅಷ್ಟು ಬಿಸಿ ಇರುವುದಿಲ್ಲ. ಅದಕ್ಕೆ ಪುಡಿ ಹಾಕುವ ಮುಂಚೆ ಖಾಲಿ ಪೇಪರ್ ಇಟ್ಟು ಒಂದು ಲೋಟ ಬರೀ ನೀರು ಓಡಿಸಿ ಚೆಲ್ಲಿದೆ. ಕೊಳವೆ, ಬುಟ್ಟಿ, ಜಗ್ಗು ಎಲ್ಲ ಬಿಸಿಯಾದವು, ಪೇಪರಿನ ವಾಸನೆಯೂ ಹೋಯಿತು. ನಲ್ಲಿಯ ಬಾಯಲ್ಲಿ ಬಿಳಿ ಕಟ್ಟಿರುವುದನ್ನು ನೋಡಿ ಅಪ್ಪ ಕೇಳಿದರು, ‘ಬೋರ್ ನೀರಾ? ಹಾಗಾದ್ರೆ ಮೆಷೀನಿನ ಹೊಟ್ಟೆಯಲ್ಲೂ ಕಟ್ಟಿರುತ್ತೆ.’ ನಿಂಬೆ ಉಪ್ಪು ಕರಗಿಸಿದ ನೀರು ಒಮ್ಮೆ ಓಡಿಸಿ, ಆಮೇಲೆ ಎರಡು ಸಲ ಬರೀ ನೀರು ಓಡಿಸಿದೆ. ಗೊರಗೊರ ಸದ್ದೇ ಬದಲಾಯಿತು. ಹತ್ತು ನಿಮಿಷ ಹಿಡಿಯುತ್ತಿದ್ದದ್ದು ಆರಕ್ಕೆ ಮುಗಿಯಿತು. ಆಮೇಲಿಂದ ಕಾಫಿಗೆ ಕುಡಿಯುವ ಫಿಲ್ಟರ್ ನೀರೇ.

ನಾಲ್ಕನೇ ದಿನದ ಬದಲಾವಣೆ ನನಗೆ ತುಂಬಾ ಇಷ್ಟವಾದದ್ದು. ಪುಡಿ ಪೂರ್ತಿ ನೆನೆಯುವಷ್ಟು ನೀರು ಬಿದ್ದ ತಕ್ಷಣ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಆನ್. ಹೊಸ ಪುಡಿಯಾದರೆ ಆ ಅರ್ಧ ನಿಮಿಷದಲ್ಲಿ ಹಿಟ್ಟು ಹುದುಗಿದ ಹಾಗೆ ಉಬ್ಬಿ ಗುಳ್ಳೆ ಏಳುತ್ತದೆ. ಹುರಿಯುವಾಗ ಬೀಜದೊಳಗೆ ಸೇರಿದ್ದ ಇಂಗಾಲದ ಡೈ ಆಕ್ಸೈಡ್ ಅದು. ಅದು ಹೊರಹೋದ ಮೇಲೆ ನೀರು ಪುಡಿಯೊಳಗೆ ಚೆನ್ನಾಗಿ ಇಳಿಯುತ್ತದೆ. ಮುಚ್ಚಳ ತೆಗೆದು ಚಮಚದಿಂದ ಒಮ್ಮೆ ಮೆಲ್ಲಗೆ ಕಲಕಿದರೆ ಅಂಚಿನ ಒಣ ಪುಡಿಯೂ ನೆನೆಯುತ್ತದೆ. ಅಪ್ಪನ ಷರಾ: ‘ಪರವಾಗಿಲ್ಲ.’ ನಮ್ಮಪ್ಪನ ಬಾಯಲ್ಲಿ ಇದು ಡಿಸ್ಟಿಂಕ್ಷನ್.

ಈ ಎಲ್ಲದರ ನಡುವೆ ಒಂಬತ್ತೂವರೆಗೆ ಸರಿಯಾಗಿ ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್ ನಾಟಕ. ಒಳಗೆ ರೆಸ್ಯೂಮೆ ಕಳಿಸುವುದು, ಬಂದ ರಿಜೆಕ್ಷನ್ ಓದುವುದು. ಮಧ್ಯೆ ಎದ್ದು ಬಂದು ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕುವುದು.

ಎಂಟನೇ ದಿನ ಬೆಳಿಗ್ಗೆ ಕಾಫಿ ಮಾಡಿ ಜಗ್ಗನ್ನು ಹಾಗೇ ತಟ್ಟೆಯ ಮೇಲೆ ಬಿಟ್ಟು ‘ಮೀಟಿಂಗ್’ಗೆ ಹೋಗಿದ್ದೆ. ಮುಕ್ಕಾಲು ಗಂಟೆ ಬಿಟ್ಟು ಬಂದು ಎರಡನೇ ಲೋಟ ಬಗ್ಗಿಸಿದರೆ ಸುಟ್ಟ ವಾಸನೆ. ಅಪ್ಪ ಹೇಳಿದರು, ‘ಆಗಿದ್ದನ್ನ ಬೆಂಕಿ ಮೇಲೇ ಇಟ್ಟುಕೊಂಡು ಕೂತ್ರೆ ಕಹಿ ಆಗುತ್ತೆ ಪುಟ್ಟಿ. ಇಳಿಸಿಬಿಡಬೇಕು.’

ನಾನು ‘ಹೂಂ, ಫ್ಲಾಸ್ಕ್‌ಗೆ ಹಾಕ್ತೀನಿ’ ಅಂದೆ.

‘ಕಾಫಿ ಮಾತಲ್ಲ.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

‘ಮೂವತ್ತು ವರ್ಷ ಹಾಜರಿ ಹಾಕಿದ್ದೀನಿ. ಯಾರು ಕೆಲಸಕ್ಕೆ ಬಂದಿದ್ದಾರೆ, ಯಾರು ಬಂದಿಲ್ಲ ಅಂತ ನನಗೆ ಗೊತ್ತಾಗಲ್ವೇನೇ? ಆಸ್ಪತ್ರೆ ಬಿಲ್ಲಲ್ಲಿ ಇನ್ಶೂರೆನ್ಸ್ ಅಂತ ಇರಲಿಲ್ಲ. ನಿನ್ನ ಎಟಿಎಂ ಕಾರ್ಡಿನ ಚೀಟಿ ಪಿನ್ ಮಾಡಿದ್ರು. ಒಂದು ಕಣ್ಣಲ್ಲೇ ಓದ್ಕೊಂಡೆ.’

ಅತ್ತೆ. ಅಷ್ಟು ದಿನ ಅತ್ತಿರಲಿಲ್ಲ. ಅಪ್ಪ ಸಮಾಧಾನ ಮಾಡಲಿಲ್ಲ, ಉಪದೇಶ ಮಾಡಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಆಮೇಲೆ ತಾವೇ ಶುರು ಮಾಡಿದರು. ‘2001ರಲ್ಲಿ ಕಾಫಿ ರೇಟು ಬಿದ್ದು ಹೋಯ್ತಲ್ಲ, ನೀನು ಸಣ್ಣವಳು. ಕೊಯ್ಲು ಮಾಡಿದ ಕೂಲಿಯೂ ಹುಟ್ಟುತ್ತಿರಲಿಲ್ಲ. ಸಾಹುಕಾರರು ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಮೊದಲನೇ ತಿಂಗಳೇ ನಿಮ್ಮಮ್ಮನಿಗೆ ಹೇಳ್ದೆ. ಹೇಳಿದ್ದಕ್ಕೆ ದುಡ್ಡೇನು ಬರಲಿಲ್ಲ. ರಾತ್ರಿ ನಿದ್ದೆ ಬಂತು.’

ಅವತ್ತೇ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಬೈದಳು, ಆಮೇಲೆ ‘ಇನ್ನು ದುಡ್ಡು ಕಳಿಸಬೇಡ, ಈ ಸಲ ಮೆಣಸು ಮಾರಿದ್ದು ಇದೆ’ ಅಂದಳು. ತಿಂಗಳಿಗೆ 15,000. ನಾನು ಲೆಕ್ಕದಲ್ಲಿ ಮುಟ್ಟಲೇಬಾರದು ಅಂದುಕೊಂಡಿದ್ದ ಸಾಲು ಒಂದು ಫೋನ್ ಕಾಲಿನಲ್ಲಿ ಹೋಯಿತು. ಇನ್ನೂ ಮೂರು ತಿಂಗಳು ಹುಡುಕಬಹುದು ಅನ್ನುವ ಧೈರ್ಯ ಬಂತು. ಕೊನೆಗೆ ಕೆಲಸ ಸಿಕ್ಕಿದ್ದು ನಾಲ್ಕನೇ ತಿಂಗಳಲ್ಲಿ. ಸಂಬಳ ಮೊದಲಿಗಿಂತ ಕಡಿಮೆ.

ಕೆಫೆಗೆ ಮಾತ್ರ ವಾಪಸ್ ಹೋಗಿಲ್ಲ. ಕ್ರಮ ಅದೇ ಇದೆ. ಖಾಲಿ ಪೇಪರಿಗೆ ಒಂದು ಲೋಟ ನೀರು, 30 ಗ್ರಾಂ ಪುಡಿ, ಅರ್ಧ ಲೀಟರ್ ನೀರು, ನೆನೆದ ಮೇಲೆ ಅರ್ಧ ನಿಮಿಷ ಆಫ್, ಒಂದು ಸಲ ಕಲಕು, ಮುಗಿದ ತಕ್ಷಣ ಸ್ವಿಚ್ ಬಂದ್, ಉಳಿದದ್ದು ಫ್ಲಾಸ್ಕಿಗೆ. ಹಾಲು ಹಾಕಿ ಕುಡಿಯುವವರು ಅಷ್ಟೇ ನೀರಿಗೆ 40 ಗ್ರಾಂ ಪುಡಿ ಹಾಕಿ, ಹಾಲು ಸ್ವಲ್ಪವೇ ಹಾಕಿ. ಫಿಲ್ಟರ್ ಡಿಕಾಕ್ಷನ್‌ಗೆ ಹಾಕುವಷ್ಟು ಹಾಲು ಇದು ತಡೆಯುವುದಿಲ್ಲ. ಹಬೆಯಾಡುವ ಫಿಲ್ಟರ್ ಕಾಫಿಗೆ ಇದು ಸಮ ಅಂತಲೂ ನಾನು ಹೇಳಲ್ಲ. ಇದು ಬೇರೆ ಕಾಫಿ. ಇದರ ಪಾಡಿಗೆ ಇದು ಚೆನ್ನಾಗಿದೆ.

ಅಪ್ಪ ಊರಿಗೆ ಹೋಗುವಾಗ ಕ್ಯಾಲೆಂಡರಿನ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಮುಂಚೆ ದಿನಾ ಬೆಳಿಗ್ಗೆ ಫೋನ್ ಮಾಡಿ ‘ಆಫೀಸಿಗೆ ಹೊರಟ್ಯಾ?’ ಅಂತ ಕೇಳುತ್ತಿದ್ದರು. ಈಗ ಕೇಳುವುದು ಒಂದೇ: ‘ಇವತ್ತು ಷರಾ ಏನು?’

ಚೆನ್ನಾಗಿಲ್ಲದ ದಿನ, ಚೆನ್ನಾಗಿಲ್ಲ ಅಂತಲೇ ಹೇಳುತ್ತೇನೆ.