ಮುದಿಯೆತ್ತಿಗೆ ಹೋರಿಯ ಜೋಡಿ

ನಮ್ಮ ಮನೆಯಲ್ಲಿ ಹಿರಿಯರೆಂದರೆ ಎರಡು ಜೀವ: ಒಂದು ಅಪ್ಪ, ಇನ್ನೊಂದು ಅಪ್ಪನ ಅಂಬಾಸಡರ್ ಕಾರು. ಎರಡಕ್ಕೂ ಮುಂಜಾನೆ ಏಳುವಾಗ ಕೆಮ್ಮು. ಎರಡನ್ನೂ ಎದುರು ನಿಂತು ಗದರಿಸುವ ಧೈರ್ಯ ಯಾರಿಗೂ ಇಲ್ಲ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ಮೇಲೇಳುತ್ತ ಬಂದು, ಕೃಷ್ಣೆಯ ದಂಡೆಯ ನಮ್ಮ ಎರೆಹೊಲ ಹಿನ್ನೀರಿನ ಪಾಲಾಯಿತು. ಆಗ ಬಂದ ಪರಿಹಾರದ ಹಣದಲ್ಲಿ ಅಪ್ಪ 1986ರ ಮಾದರಿಯ ಈ ಕಾರನ್ನು ಬೇರೊಬ್ಬರಿಂದ ಕೊಂಡರು. "ಎಂಟು ಎಕರೆ ಹೋಗಿ ನಾಕು ಗಾಲಿ ಬಂದೂವು" ಎಂದು ಅವ್ವ ಕಡೆಯವರೆಗೂ ಅನ್ನುತ್ತಿದ್ದಳು. ಈಗ ಅದನ್ನು ಗುಜರಿಗೆ ಹಾಕೋಣವೆಂದರೆ ಹೊಲವನ್ನು ಎರಡನೆಯ ಸಲ ಮುಳುಗಿಸಿದಂತೆಯೇ ಸರಿ. ಆದರೆ ಈ ಕಥೆಯನ್ನೆಲ್ಲ ಹೇಳಿದರೂ ಪೆಟ್ರೋಲ್ ಬಂಕಿನವನು ಒಂದು ರೂಪಾಯಿ ಬಿಡುವುದಿಲ್ಲ.

ಹೀಗಿರಲು, ಹಳೆಯ ಕಾರನ್ನು ಹೈಬ್ರಿಡ್ ಮಾಡುವ ಹುಚ್ಚು ನನ್ನ ತಲೆ ಹೊಕ್ಕಿತು. ಕೊರತೆ ಬಂದಾಗ ಗಾಡಿಗೆ ಹೊಸ ಮೇವು ಹುಡುಕುವುದು ಹೊಸ ಸಂಗತಿಯೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಲಿಲ್ಲವೇ? 2010ರಲ್ಲಿ ಪುಣೆಯ ಕೆ.ಪಿ.ಐ.ಟಿ. ಕಂಪನಿ 'ರೆವೊಲೊ' ಎಂಬ ಹೈಬ್ರಿಡ್ ಕಿಟ್ಟನ್ನು ತೋರಿಸಿತು. 2013ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆಲ್ಟಿಗ್ರೀನ್ ಕೂಡ ಇದೇ ಕೆಲಸಕ್ಕೆ ಕೈಯಿಟ್ಟಿತು. ಮುಂದೆ ಮೂರು ಗಾಲಿಯ ವಿದ್ಯುತ್ ಗಾಡಿಗಳತ್ತ ಹೊರಳಿತು.

ಹಂಚಿಕೆಯೇನೋ ಸೊಗಸಾದದ್ದು. ಎಂಜಿನ್ನು ತನ್ನ ಜಾಗದಲ್ಲೇ ಇರುತ್ತದೆ. ಅದಕ್ಕೆ ಜೊತೆಯಾಗಿ ಒಂದು ವಿದ್ಯುತ್ ಮೋಟಾರು, ಡಿಕ್ಕಿಯಲ್ಲಿ ಬ್ಯಾಟರಿ. ನಿಂತ ಗಾಡಿ ಹೊರಡುವಾಗ, ಏರು ಹತ್ತುವಾಗ ಮೋಟಾರು ಹೆಗಲು ಕೊಡುತ್ತದೆ. ಬ್ರೇಕು ಒತ್ತಿದಾಗ ಅದೇ ಡೈನಮೊ ಆಗಿ, ಬರಿದೆ ಬಿಸಿಯಾಗಿ ಹಾಳಾಗುವ ಶಕ್ತಿಯಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಕೆಲವು ಕಿಟ್ಟುಗಳಲ್ಲಿ ರಾತ್ರಿ ಮನೆಯ ಕರೆಂಟಿನಿಂದಲೂ ಬ್ಯಾಟರಿ ತುಂಬಬಹುದು.

ನಾನು ಸೋತದ್ದು ಇಲ್ಲಿಯೇ. ಆಲಮಟ್ಟಿಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಹೊಲ ನುಂಗಿದ ನೀರೇ ಕರೆಂಟಾಗಿ ಬಂದು, ಹೊಲದ ಹಣದ ಕಾರನ್ನು ಎಳೆದರೆ ಋಣ ತೀರಿದಂತಲ್ಲವೇ?

ನಿಡಗುಂದಿಯ ಮೇಸ್ತ್ರಿ ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ಹೇಳಿದ: "ಸರ, ಬೆಂಗಳೂರಾಗ ನಿಂತು ನಿಂತು ಹೋಗೋ ಗಾಡಿಗೆ ಇದು ಲಾಭ ಐತ್ರಿ. ನಮ್ಮ ಕಡೆ ಬ್ರೇಕ್ ಹಿಡಿಯೂದು ಎಮ್ಮಿ ಅಡ್ಡ ಬಂದ್ರ ಅಷ್ಟ. ಎಮ್ಮಿ ನಂಬಿ ಬ್ಯಾಟರಿ ತುಂಬೂದಿಲ್ರಿ."

ಉಳಿದ ಆಸೆಯನ್ನು ಕಾನೂನು ಮುಗಿಸಿತು. 2016ರಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ ಹೈಬ್ರಿಡ್ ಕಿಟ್ಟಿಗೆ ದಾರಿ ಮಾಡಿದ್ದು ನಿಜ. ಆದರೆ ಗಾಡಿ ಭಾರತ್ ಸ್ಟೇಜ್-2 ಹೊಗೆಮಿತಿಗೆ ಒಳಪಟ್ಟದ್ದೋ ಅದಕ್ಕೂ ಈಚಿನದೋ ಆಗಿರಬೇಕು. ನಮ್ಮ ಕಾರು ಅಂಥ ಮಿತಿಗಳೆಲ್ಲ ಹುಟ್ಟುವ ಮೊದಲೇ ಹುಟ್ಟಿದ್ದು. ಯಾರಿಗೆ ಔಷಧ ಬೇಕೋ ಅವರಿಗೇ ವಯಸ್ಸು ಮೀರಿತ್ತು!

ಅಪ್ಪನ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಅವರು ನಕ್ಕರು. "ತಮ್ಮಾ, ಮುದಿಯೆತ್ತಿನ ಜೋಡಿ ಹೋರಿ ಹೂಡಬಾರದಪಾ. ಹೋರಿ ಜಗ್ಗತೈತಿ, ಮುದಕಂದು ಹೆಗಲು ಹೋಗತೈತಿ. ಕೆಲಸ ಕಡಿಮಿ ಮಾಡು, ಮೇವು ತಾನ ಉಳೀತೈತಿ."

ಅಂದಿನಿಂದ ನಮ್ಮ ಓಡಾಟವೆಲ್ಲ ಬಸ್ಸಿನಲ್ಲಿ. ಕಾರು ಹೊರಬೀಳುವುದು ಬೇಸಿಗೆಯಲ್ಲಿ, ಹಿನ್ನೀರು ಇಳಿದು ಹೊಲದ ಬದು ತಲೆ ಎತ್ತಿದಾಗ. ಅಪ್ಪ ಇಳಿದು ಒಡೆದ ಎರೆಮಣ್ಣಿನ ಮೇಲೆ ಬಹಳ ಹೊತ್ತು ನಿಲ್ಲುತ್ತಾರೆ. ಒಂದು ಹೆಂಟೆ ಎತ್ತಿ ಪುಡಿಮಾಡಿ ನೋಡುತ್ತಾರೆ. ಪೆಟ್ರೋಲು ಉಳಿಸಲೆಂದು ನಾನು ಕೀಲಿಗೆ ಕೈ ಹಾಕಿದರೆ ದೂರದಿಂದಲೇ ಕೂಗುತ್ತಾರೆ:

"ಬಂದ್ ಮಾಡಬ್ಯಾಡೋ. ಮತ್ತ ಚಾಲೂ ಆಗೂದು ಖಾತ್ರಿ ಇಲ್ಲ."