ಅಜ್ಜಿಯ ಹತ್ತು ಹೊಡೆತ

ಅಪ್ಪ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಕುಳಿಯ ವ್ಯಾಸ 108 ಮಿ.ಮೀ. ಎಂಬುದು ಅವರಿಗೆ ಬಾಯಿಪಾಠ. ಅದೇ ಅಳತೆಗೆ ನಮ್ಮ ಹಿತ್ತಲಲ್ಲಿ, ತೆಂಗಿನ ಬುಡ, ಒಗೆಯುವ ಕಲ್ಲು ತಪ್ಪಿಸಿ, ಮನೆಮಂದಿಯೆಲ್ಲ ಸೇರಿ ಆರು ಕುಳಿ ತೋಡಿದೆವು. ಯುಗಾದಿಯ ಮರುದಿನ ಪಂದ್ಯ. ಅಜ್ಜಿಯ ಲೆಕ್ಕದಿಂದ ಹತ್ತು ಹೊಡೆತ ಕಳೆಯುತ್ತಿದ್ದೆವು. ಗಾಲ್ಫಿನಲ್ಲಿ ಇದಕ್ಕೆ ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಅಜ್ಜಿ ಗೆದ್ದರೆ ಯಾರೂ ಮೋಸ ಎನ್ನುತ್ತಿರಲಿಲ್ಲ, ಸೋತ ಚಿಕ್ಕಪ್ಪನನ್ನು ಬಿಟ್ಟು.

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ‘ಘರ್ಷಣೆ’ ಪಾಠಕ್ಕೆ ಅದೇ ಚೆಂಡು ಒಯ್ದೆ. ಹಲಗೆಯ ಇಳಿಜಾರಿನಿಂದ ಬಿಟ್ಟು, ಸಿಮೆಂಟು ನೆಲದ ಮೇಲೆಷ್ಟು, ಗೋಣಿಚೀಲದ ಮೇಲೆಷ್ಟು ದೂರ ಉರುಳಿತೆಂದು ಅಳೆಯಬೇಕು. ಒಬ್ಬೊಬ್ಬರಿಗೆ ಎರಡೇ ನಿಮಿಷ. ಒಬ್ಬ ಹುಡುಗಿ ಅಳತೆಪಟ್ಟಿಯ ಗೆರೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಹಿಂದೆ ಮೇಲ್ವಿಚಾರಕರು ಕುಳಿತಿದ್ದರು. ನಾನು ಅವಳ ಕೈಯಿಂದ ಚೆಂಡು ತೆಗೆದುಕೊಂಡೆ.

ಸಮಯಪಾಲನೆಗೆ ಒಳ್ಳೆಯ ಅಂಕ ಬಂತು. ಅವಳ ಹಾಳೆಯಲ್ಲಿ ಗೋಣಿಚೀಲದ ಸಾಲು ಖಾಲಿಯಿತ್ತು.