ಕಾಯಕವೂ ಕೂಲಿಯೂ

ಕಾಯಕದ ಹಿರಿಮೆಯನ್ನು ಕುರಿತು ನಾವು ಕೇಳಿರುವ ಉಪನ್ಯಾಸಗಳಿಗೂ ಓದಿರುವ ಬರಹಗಳಿಗೂ ಲೆಕ್ಕವಿಲ್ಲ. ಕೂಲಿಯನ್ನು ಕುರಿತು ನಮ್ಮೊಳಗೆ ನಾವು ಮಾತನಾಡಿಕೊಂಡಿರುವುದು ಮಾತ್ರ ಬಹಳ ಕಡಮೆ. ದುಡಿಮೆಯು ಪವಿತ್ರವೆಂದು ಒಪ್ಪಿದ ಮೇಲೆ, ದುಡಿದವನಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆ ತಾನಾಗಿಯೇ ಏಳಬೇಕು. ನನ್ನ ಮನಸ್ಸಿನಲ್ಲಿ ಅದು ಎದ್ದದ್ದು ತಡವಾಗಿ. ಎದ್ದ ಮೇಲೆ ಅದು ಮಲಗಲಿಲ್ಲ. ಆ ಬಗೆಯನ್ನು ಭಕ್ತರ ಹಾಗೂ ಹಳೆಯ ವಿದ್ಯಾರ್ಥಿ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

ನನ್ನ ಹುಟ್ಟೂರು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದುದು 2007ರಲ್ಲಿ. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ರೇಷ್ಮೆಯ ಎಳೆ ಅವನ್ನು ಒಂದಾಗಿ ಕಟ್ಟಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಕಸುಬು ಇದು. ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟ, ಮನೆಯೊಳಗೆ ಹುಳುವಿನ ತಟ್ಟೆ. ರಾಮನಗರದಲ್ಲಿ ಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಕಾರ್ಖಾನೆಗಳು. ಬಿಚ್ಚಿ ಉಳಿದ ರೇಷ್ಮೆಯಿಂದಲೂ ನೂಲು ತೆಗೆಯಲು ಚನ್ನಪಟ್ಟಣದಲ್ಲೊಂದು ಗಿರಣಿ. ನಮ್ಮ ಮನೆಯೂ ಈ ಎಳೆಯಿಂದಲೇ ಬದುಕಿತು.

ಹುಳು ಸಾಕಿದವರಿಗೆ ಗೊತ್ತು, ಅದು ಮನೆಗೆ ಮಗು ಬಂದಂತೆ. ಚಾಕಿಯಿಂದ ಹಣ್ಣಾಗುವವರೆಗೆ ನಾಲ್ಕು ಜ್ವರಗಳನ್ನು ದಾಟಬೇಕು. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವಿಗೆ ಹಗಲಿರುಳೆಂಬುದಿಲ್ಲ. ಸೊಪ್ಪು ತಿನ್ನುವ ಸದ್ದು ಸೋನೆಮಳೆಯಂತೆ ಮನೆಯನ್ನೆಲ್ಲ ತುಂಬುತ್ತದೆ. ನಡುರಾತ್ರಿಯಲ್ಲಿ ಎದ್ದು ಸೊಪ್ಪು ಹಾಕುವವರು ಯಾರಾದರೂ ಬೇಕು. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಒಬ್ಬ ಹುಡುಗನಿದ್ದ. ನನ್ನಷ್ಟೇ ವಯಸ್ಸು. 1967ರಲ್ಲಿ ಅವನು ನಮ್ಮಲ್ಲಿಗೆ ಬಂದಾಗ ನಮ್ಮಿಬ್ಬರಿಗೂ ಹತ್ತು ವರ್ಷ.

ಅವನ ತಂದೆ ಮಗಳ ಮದುವೆಗೆಂದು ನನ್ನ ತಂದೆಯಿಂದ ನೂರೈವತ್ತು ರೂಪಾಯಿ ಸಾಲ ಪಡೆದಿದ್ದ. ಒಂದು ಕಾಗದ, ಅದರ ಕೆಳಗೆ ಹೆಬ್ಬೆಟ್ಟಿನ ಗುರುತು. ಮಗನ ದುಡಿಮೆ ಬಡ್ಡಿಗೆ ಸಮ. ಅಸಲು ಇದ್ದಲ್ಲೇ ಇರುತ್ತಿತ್ತು. ಇದಕ್ಕೆ ಜೀತವೆಂಬ ಹೆಸರಿದ್ದರೂ ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಬಳಸುತ್ತಿರಲಿಲ್ಲ. ‘ಆಳುಮಗ’ ಎನ್ನುತ್ತಿದ್ದೆವು. ಎರಡು ಹೊತ್ತು ರಾಗಿಮುದ್ದೆ, ವರ್ಷಕ್ಕೊಂದು ಜೊತೆ ಬಟ್ಟೆ. ಊಟ ಕೊಟ್ಟಿಗೆಯ ಬಾಗಿಲಲ್ಲಿ. ನನಗೆ ಅವನು ‘ಬುದ್ಧಿ’ ಎನ್ನುತ್ತಿದ್ದ. ನಾನು ಅವನಿಗೆ ‘ಲೋ’ ಎನ್ನುತ್ತಿದ್ದೆ. ನನ್ನ ತಂದೆ ಕ್ರೂರಿಯಲ್ಲ. ನಿತ್ಯ ಲಿಂಗಪೂಜೆ ತಪ್ಪಿಸಿದವರಲ್ಲ. ಬಂದ ಜಂಗಮರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ. ಆ ಕಾರಣದಿಂದಲೇ ಈ ಕಥೆ ನನಗೆ ಹೇಳಲು ಕಷ್ಟವಾದುದು.

ಮುಂದಿನ ವರ್ಷ ನಾನು ಶ್ರೀಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿದೆ. ಅಲ್ಲಿ ಕಂಡದ್ದು ಬೇರೆಯೇ ಲೋಕ. ಯಾವ ಜಾತಿಯೆಂದು ಕೇಳದೆ ಒಂದೇ ಸಾಲಿನಲ್ಲಿ ಪ್ರಸಾದ. ತರಕಾರಿ ಹೆಚ್ಚುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲರಿಗೂ ಸರದಿಯ ಮೇಲೆ. ಪಂಕ್ತಿಯಲ್ಲಿ ಕುಳಿತಾಗ ಕೆಲವೊಮ್ಮೆ ಅವನ ನೆನಪಾಗುತ್ತಿತ್ತು. ಪೂಜ್ಯರ ಬಳಿ ಹೋಗಿ, ‘ನಮ್ಮ ಮನೆಯಲ್ಲೊಬ್ಬ ಹುಡುಗನಿದ್ದಾನೆ, ಅವನಿಗೂ ಇಲ್ಲೊಂದು ಸ್ಥಳ ಕೊಡಿ’ ಎಂದು ಬಿನ್ನವಿಸಿಕೊಂಡಿದ್ದರೆ ಅವರು ಇಲ್ಲವೆನ್ನುತ್ತಿರಲಿಲ್ಲವೆಂದು ಇಂದಿಗೂ ನಂಬಿದ್ದೇನೆ. ಆದರೆ ನಾನು ಹೇಳಲಿಲ್ಲ. ಹುಡುಗನಾಗಿದ್ದರೂ ನನಗೆ ಒಂದು ಗೊತ್ತಿತ್ತು: ಅವನು ಇಲ್ಲಿಗೆ ಬಂದರೆ ಅಲ್ಲಿ ಹುಳುವಿಗೆ ಸೊಪ್ಪು ಹಾಕುವವರಿಲ್ಲ, ಆಗ ನಾನು ಊರಿಗೆ ಹಿಂದಿರುಗಬೇಕು. ಶ್ರೀಮಠದ ವಿದ್ಯೆಗೆ ಹಣ ಬೇಕಿರಲಿಲ್ಲ, ನಿಜ. ಆದರೆ ನನ್ನನ್ನು ಮನೆಯ ದುಡಿಮೆಯಿಂದ ಬಿಡಿಸಿಕೊಟ್ಟ ಬೆಲೆಯನ್ನು ತೆತ್ತವನು ಅವನು.

ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಅರ್ಥಶಾಸ್ತ್ರದ ಪಾಠದಲ್ಲಿ ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟಿಸಿದ ‘ಬಂಡವಾಳ’ ಗ್ರಂಥದ ಮಾತು ಬಂದಿತು. ದುಡಿಯುವವನ ದಿನದಲ್ಲಿ ಎರಡು ಭಾಗಗಳುಂಟು. ಒಂದರಲ್ಲಿ ಅವನು ತನ್ನ ಹೊಟ್ಟೆಬಟ್ಟೆಗೆ ಬೇಕಾದಷ್ಟು ಬೆಲೆಯನ್ನು ಹುಟ್ಟಿಸುತ್ತಾನೆ. ಮತ್ತೊಂದರಲ್ಲಿ ಹುಟ್ಟಿಸಿದ್ದು ಅವನಿಗೆ ಹಿಂದಿರುಗದೆ, ಉತ್ಪಾದನೆಯ ಸಾಧನಗಳ ಒಡೆಯನಿಗೆ ಸೇರುತ್ತದೆ. ಅದೇ ಹೆಚ್ಚುವರಿ ಮೌಲ್ಯ. ಸಹಪಾಠಿಗಳು ಅದನ್ನು ಪರೀಕ್ಷೆಗೆಂದು ಬರೆದುಕೊಂಡರು. ನನ್ನ ಕಣ್ಣಮುಂದೆ ಬಂದು ನಿಂತದ್ದು ನಮ್ಮ ಮನೆಯ ಕೊಟ್ಟಿಗೆಯ ಬಾಗಿಲು. ಮಾರ್ಕ್ಸ್ ಹೇಳಿದ್ದು ಕೂಲಿಯಾಳಿನ ವಿಷಯ. ನಮ್ಮಲ್ಲಿ ಕೂಲಿಯೇ ಇರಲಿಲ್ಲ.

ಅಷ್ಟರಲ್ಲಿ 1975 ಬಂದಿತು. ತುರ್ತು ಪರಿಸ್ಥಿತಿಯ ದಿನಗಳು. ಪತ್ರಿಕೆಗಳ ಬಾಯಿ ಕಟ್ಟಿದ್ದ ಸರ್ಕಾರವೇ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಸುಗ್ರೀವಾಜ್ಞೆ ಹೊರಡಿಸಿತು. 1976ರಲ್ಲಿ ಅದು ಸಂಸತ್ತಿನ ಕಾಯಿದೆಯಾಯಿತು. ಜೀತದ ಸಾಲಗಳೆಲ್ಲ ಅಳಿದವು. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ. ರಜೆಯಲ್ಲಿ ಊರಿಗೆ ಹೋದವನು ತಂದೆಯ ಮುಂದೆ ಈ ವಿಷಯವೆತ್ತಿದೆ. ‘ನಾನೇನು ಅವನನ್ನು ಕಟ್ಟಿಹಾಕಿದ್ದೇನೆಯೆ? ಅನ್ನ ಹಾಕಿದ್ದೇನೆ’ ಎಂದರು. ‘ಕಾಗದವನ್ನು ಕೊಟ್ಟುಬಿಡಿ ಅಪ್ಪ’ ಎಂದೆ. ಅವರು ಉತ್ತರಿಸದೆ ಎದ್ದುಹೋದರು. ಶ್ರಾವಣದಲ್ಲಿ ನಮ್ಮ ಮನೆಯ ಜಗಲಿಯ ಮೇಲೆಯೇ ಪುರಾಣ ನಡೆಯುತ್ತಿತ್ತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಒಲ್ಲದೆ ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳುಹಿಸಿದ ಪ್ರಸಂಗವನ್ನು ತಂದೆ ಕಣ್ಣೀರು ಒರೆಸಿಕೊಳ್ಳುತ್ತ ಕೇಳುತ್ತಿದ್ದರು. ಆ ಕಾಗದ ಮಾತ್ರ ಒಳಗೆ ಪೆಟ್ಟಿಗೆಯಲ್ಲಿತ್ತು.

ಕೆಲವು ತಿಂಗಳಲ್ಲಿ ಹುಡುಗ ಹೊರಟುಹೋದ. ಬಿಡುಗಡೆಯಾಯಿತೆಂದು ನಾನು ಹಿಗ್ಗಿದೆ. ಆದರೆ ಅವನು ಹೋದದ್ದು ರಾಮನಗರದ ಒಂದು ನೂಲು ಬಿಚ್ಚುವ ಕಾರ್ಖಾನೆಗೆ, ಮಾಲೀಕನಿಂದ ಮುಂಗಡ ಪಡೆದು. ಸಾಲದ ಹೆಸರು ಬದಲಾಯಿತು. ಸಾಲ ಹಾಗೆಯೇ ಉಳಿಯಿತು. ಒಮ್ಮೆ ಅಲ್ಲಿಗೆ ಹೋಗಿ ಅವನನ್ನು ಕಂಡೆ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಹತ್ತಿಸುವ ಕೆಲಸ. ಒಳಗೆಲ್ಲ ಹಬೆ, ಬೆಂದ ಹುಳುವಿನ ವಾಸನೆ. ಅವನ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿ ಸಂದುಗಳಲ್ಲಿ ಒಡೆದಿದ್ದವು. ಪಕ್ಕದಲ್ಲಿ ಎಂಟು ಹತ್ತು ವರ್ಷದ ಮಕ್ಕಳೂ ನಿಂತಿದ್ದರು. ಮದುವೆಯ ಮನೆಗಳಲ್ಲಿ ನಾವು ಮಡಿಯೆಂದು ಉಡುವ ಬಟ್ಟೆಯ ಎಳೆ ಹೊರಡುವುದು ಇಂತಹ ಕೈಗಳಿಂದ.

ಮುಂದೆ ನಾನು ಕನಕಪುರದ ಕಡೆಯಲ್ಲಿ ಅಧ್ಯಾಪಕನಾದೆ. ಆ ವರ್ಷಗಳಲ್ಲಿ ಒಂದು ವಿಷಯ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಗೂಡು ಬೆಳೆದ ರೈತನನ್ನು ಹಿಂದೆ ದಲ್ಲಾಳಿಗಳು ತೂಕದಲ್ಲಿಯೂ ಬೆಲೆಯಲ್ಲಿಯೂ ವಂಚಿಸುತ್ತಿದ್ದರು. 1959ರ ಕಾಯಿದೆ ಹಾಗೂ ಅದರ ಅಡಿಯಲ್ಲಿ ಬಂದ ಸರ್ಕಾರಿ ಮಾರುಕಟ್ಟೆ ಆ ಸ್ಥಿತಿಯನ್ನು ತಿದ್ದಿದವು. ಎಲ್ಲರ ಕಣ್ಣೆದುರಿನ ತಕ್ಕಡಿ, ಬಹಿರಂಗ ಹರಾಜು. ನನ್ನ ತಂದೆಯಂತಹ ರೈತರು ತಲೆಯೆತ್ತಿ ನಿಂತದ್ದು ಆ ತಕ್ಕಡಿಯಿಂದ. ಸಮಾಜವಾದವೆಂಬ ಶಬ್ದ ಕೇಳಿ ಬೆಚ್ಚುತ್ತಿದ್ದವರೂ ಅದರ ಫಲವನ್ನು ಉಂಡರು. ಆದರೆ ಅದೇ ಗೂಡನ್ನು ಬಿಸಿನೀರಿನಲ್ಲಿ ಬಿಚ್ಚುವವನ ದುಡಿಮೆಯನ್ನು ತೂಗಲು ಯಾರೂ ತಕ್ಕಡಿ ಇಡಲಿಲ್ಲ. 1948ರಲ್ಲಿಯೇ ಕನಿಷ್ಠ ವೇತನದ ಕಾಯಿದೆ ಬಂದಿತ್ತು. 1986ರಲ್ಲಿ ಬಾಲಕಾರ್ಮಿಕರ ಕಾಯಿದೆಯೂ ಬಂದಿತು. ಇಷ್ಟಾದರೂ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳನ್ನು ಕುರಿತು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಹೊರತಂದಾಗ, ಕರ್ನಾಟಕದ ನೂಲಿನ ಕಾರ್ಖಾನೆಗಳ ಮಕ್ಕಳ ಕಥೆಯೂ ಅದರಲ್ಲಿತ್ತು.

ಎಡಪಂಥೀಯ ಚಿಂತನೆಯ ಬುಡದಲ್ಲಿರುವುದು ಈ ಅಳತೆಯ ಪ್ರಶ್ನೆಯೇ ಎಂದು ನನಗೆ ತೋರುತ್ತದೆ. ನಮ್ಮ ನಾಡಿನಲ್ಲಿ ಸಮಾಜವಾದಿ ಚಳವಳಿಗೆ ಹೆಸರು ತಂದ 1951ರ ಕಾಗೋಡು ಸತ್ಯಾಗ್ರಹವನ್ನು ನೋಡಿ. ಸಾಗರ ತಾಲ್ಲೂಕಿನ ಗೇಣಿದಾರರು ಎತ್ತಿದ ದೊಡ್ಡ ತಕರಾರು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವನ್ನು ಕುರಿತದ್ದು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮೊದಲಾದವರು ಅದನ್ನು ಮುನ್ನಡೆಸಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯು ಉಳುವ ಗೇಣಿದಾರನಿಗೆ ಭೂಮಿಯನ್ನು ಕೊಡಿಸಿತು. ಆದರೂ ನಮ್ಮ ಮನೆಯ ಹುಡುಗನಂತಹವರಿಗೆ ಅದರಿಂದ ಏನೂ ದಕ್ಕಲಿಲ್ಲ. ಅರ್ಜಿ ಹಾಕಲು ಅವರು ಗೇಣಿದಾರರಾಗಿರಲಿಲ್ಲ. ಜೀತದವನ ಹೆಸರು ಯಾವ ಪಹಣಿಯಲ್ಲಿಯೂ ಇರುವುದಿಲ್ಲ.

ಎಡಪಂಥವೆಂದರೆ ದೇವರಿಲ್ಲವೆನ್ನುವವರ ಮಾತು, ಭಕ್ತರಾದ ನಮಗೆ ಅದರೊಡನೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಮಾರ್ಕ್ಸ್ ದೇವರನ್ನು ಒಪ್ಪಲಿಲ್ಲ ನಿಜ. ಅವನ ಹೆಸರಿನಲ್ಲಿ 1917ರಲ್ಲಿ ರಷ್ಯದಲ್ಲಿ ನಡೆದ ಕ್ರಾಂತಿ ಒಡೆಯರ ಕೈಯಿಂದ ಕಿತ್ತುಕೊಂಡದ್ದು ಕಾರ್ಮಿಕರ ಕೈಗೆ ಬರಲಿಲ್ಲ, ಪಕ್ಷದ ಮತ್ತು ಅಧಿಕಾರಿಗಳ ಕೈ ಸೇರಿತು. 1991ರಲ್ಲಿ ಆ ಸೋವಿಯತ್ ಒಕ್ಕೂಟವೇ ಕರಗಿಹೋಯಿತು. ಮನುಷ್ಯನ ಆಸೆಯನ್ನು ತಿದ್ದದೆ ವ್ಯವಸ್ಥೆಯನ್ನಷ್ಟೇ ತಿದ್ದಿದರೆ ಸಾಲದೆಂಬುದಕ್ಕೆ ಅದು ಸಾಕ್ಷಿ. ಆದರೆ ನನ್ನ ತಂದೆಯ ಪೆಟ್ಟಿಗೆ ಇನ್ನೊಂದಕ್ಕೆ ಸಾಕ್ಷಿ: ವ್ಯವಸ್ಥೆಯನ್ನು ಮುಟ್ಟದೆ ಮನಸ್ಸನ್ನಷ್ಟೇ ತಿದ್ದುತ್ತೇವೆಂದರೂ ಸಾಲದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ದಾಸೋಹದಿಂದ ಅಗಲಿಸಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯ ತನ್ನ ದುಡಿಮೆಯ ಫಲವನ್ನು ತಾನೇ ಕೈಯಾರೆ ದಾಸೋಹಕ್ಕೆ ಸಲ್ಲಿಸಿದ. ದುಡಿಮೆಯ ಫಲವೇ ಕೈಗೆ ಸಿಗದವನು ಏನನ್ನು ತಾನೇ ದಾಸೋಹ ಮಾಡಿಯಾನು? ಅವನ ಪಾಲನ್ನು ಹಿಡಿದಿಟ್ಟುಕೊಂಡು ನಾವು ಮಾಡುವ ದಾಸೋಹ ಯಾರದು?

2020ರ ನವೆಂಬರಿನಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮುಷ್ಕರ, ಬೀಗಮುದ್ರೆ ನಡೆದಾಗ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಯಾರದು ಸರಿ ಯಾರದು ತಪ್ಪು ಎಂಬುದು ಇಲ್ಲಿ ನನ್ನ ವಿಷಯವಲ್ಲ. ಅಲ್ಲಿ ಸಂಘವಿತ್ತು, ಆದ್ದರಿಂದ ದನಿಯಿತ್ತು. ಅಲ್ಲಿಂದ ಕೂಗಳತೆಯ ರಾಮನಗರದ ಗಲ್ಲಿಗಳಲ್ಲಿ ನೂಲು ಬಿಚ್ಚುವವನು, ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆಯನ್ನು ಕಡೆಯುವವನು, ಕನಕಪುರದ ಕಡೆ ಕಲ್ಲು ಒಡೆಯುವವನು ಒಬ್ಬೊಬ್ಬನೇ ನಿಂತು ಮಾತನಾಡಬೇಕು. ಒಬ್ಬನ ಮಾತನ್ನು ಕೇಳುವವರು ವಿರಳ.

ನನ್ನ ತಂದೆ 1994ರಲ್ಲಿ ಲಿಂಗೈಕ್ಯರಾದರು. ಪೆಟ್ಟಿಗೆಯಲ್ಲಿ ಆ ಕಾಗದ ಸಿಕ್ಕಿತು. ಅವನು ನಮ್ಮಲ್ಲಿ ದುಡಿದ ಒಂಬತ್ತು ವರ್ಷಗಳಿಗೆ ಆಳಿನ ಕೂಲಿ ಎಷ್ಟಾಗಬಹುದೆಂದು ನನಗೆ ತಿಳಿದಂತೆ ಲೆಕ್ಕ ಹಾಕಿ, ಹಣದೊಡನೆ ರಾಮನಗರಕ್ಕೆ ಹೋದೆ. ಅವನ ಕೂದಲು ಆಗಲೇ ನರೆತಿತ್ತು. ಕಾಗದವನ್ನು ಅವನ ಮುಂದೆಯೇ ಹರಿಯಲು ತೆಗೆದೆ. ಅವನು ತಟ್ಟನೆ ನನ್ನ ಕೈ ಹಿಡಿದ.

‘ಹರೀಬ್ಯಾಡಿ ಬುದ್ಧಿ. ಅದು ನಮ್ಮಪ್ಪನ ಹೆಬ್ಬೆಟ್ಟು.’

ಅವನ ತಂದೆಯದೆಂದು ಹೇಳಲು ಆ ಮನೆಯಲ್ಲಿ ಬೇರೆ ಯಾವ ಗುರುತೂ ಉಳಿದಿರಲಿಲ್ಲ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಹಣವನ್ನು ಕೊಟ್ಟಾಗ ಕುಳಿತು ಒಂದೊಂದೇ ನೋಟನ್ನು ಎಣಿಸಿ ತೆಗೆದುಕೊಂಡ. ಕೈಮುಗಿಯಲಿಲ್ಲ. ಮುಗಿದಿದ್ದರೆ ನಾನು ಮತ್ತೊಮ್ಮೆ ಸೋಲುತ್ತಿದ್ದೆ. ದಾನ ಕೊಟ್ಟವನಾಗಿ ಮನೆಗೆ ಹಿಂದಿರುಗುತ್ತಿದ್ದೆ. ಆದರೆ ಓದುವ ವಯಸ್ಸಿನಲ್ಲಿ ಶ್ರೀಮಠದ ಪಂಕ್ತಿಯಲ್ಲಿ ಅವನಿಗೆ ಸಿಗಬಹುದಾಗಿದ್ದ ಸ್ಥಳವನ್ನು ಯಾವ ಲೆಕ್ಕದಲ್ಲಿ ಹಿಂದಿರುಗಿಸಲಿ? ಆ ಬಾಕಿ ನನ್ನ ಮೇಲೆ ಹಾಗೆಯೇ ಉಳಿದಿದೆ.

ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಶರಣರ ಜಯಂತಿಗಳನ್ನು ನಾವು ಭಕ್ತಿಯಿಂದ ಆಚರಿಸುತ್ತೇವೆ. ಆ ದಿನ ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ದುಡಿಯುವವರ ಕೂಲಿಯ ಲೆಕ್ಕವನ್ನೂ ಒಮ್ಮೆ ತೆಗೆದು ನೋಡೋಣ. ಲಕ್ಕಮ್ಮ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಪ್ರಶ್ನೆಯನ್ನು ನಮ್ಮ ಮನೆಯ ಬಾಗಿಲಲ್ಲಿಯೂ ಯಾರಾದರೂ ಕೇಳಲಿ. ಪೆಟ್ಟಿಗೆಯಲ್ಲಿ ಯಾರದಾದರೂ ಹೆಬ್ಬೆಟ್ಟು ಉಳಿದಿದ್ದರೆ, ಅವರು ಬದುಕಿರುವಾಗಲೇ ಅದನ್ನು ಹಿಂದಿರುಗಿಸೋಣ.